ಹಿಮ ಎಷ್ಟು ಬಿಸಿಲು ವಾಪಸ್ ಕಳಿಸುತ್ತದೆ? ತಾರಸಿ ಮೇಲೆ ಅಳೆದು ನೋಡಿ

ಬಿದ್ದ ಬೆಳಕಿನಲ್ಲಿ ವಾಪಸ್ ಹೋಗುವ ಪಾಲಿಗೆ ಆಲ್ಬೆಡೊ ಎನ್ನುತ್ತಾರೆ. ಇದನ್ನು ಅಳೆಯಲು ಲ್ಯಾಬ್ ಏನೂ ಬೇಡ, ಫೋನಿಗೆ ಒಂದು ಲಕ್ಸ್ ಮೀಟರ್ (ಬೆಳಕು ಎಷ್ಟಿದೆ ಎಂದು ತೋರಿಸುವ) ಆಪ್ ಹಾಕಿಕೊಳ್ಳಿ.

ಮೋಡ ಕವಿದ ಹೊತ್ತು ನೋಡಿ ತಾರಸಿಗೆ ಹೋಗಿ. ನೇರ ಬಿಸಿಲಲ್ಲಿ ಕೆಲವು ಫೋನ್‌ಗಳ ಸೆನ್ಸರ್ ಒಂದೇ ಅಂಕಿಗೆ ನಿಂತುಬಿಡುತ್ತದೆ. ಮೊದಲು ಸ್ಕ್ರೀನ್ ಆಕಾಶಕ್ಕಿರಲಿ, ಆಮೇಲೆ ಅದೇ ಜಾಗದಲ್ಲಿ ಕೈ ಚಾಚಿ, ನಿಮ್ಮ ನೆರಳು ಬೀಳದ ಹಾಗೆ ಫೋನನ್ನು ನೆಲಕ್ಕೆ ಮುಖ ಮಾಡಿ ಹಿಡಿಯಿರಿ. ಆಗ ಅಂಕಿ ಕಾಣಲ್ಲ ಅಲ್ವಾ, ಅದಕ್ಕೇ ಸ್ಕ್ರೀನ್ ರೆಕಾರ್ಡಿಂಗ್ ಆನ್ ಮಾಡಿಡಿ. ನೆಲದ ಅಂಕಿಯನ್ನು ಆಕಾಶದ ಅಂಕಿಯಿಂದ ಭಾಗಿಸಿ. 10,000ಕ್ಕೆ 2,000 ಬಂದರೆ ಉತ್ತರ 0.2. ಇದು ಸುಮಾರು ಲೆಕ್ಕ ಅಷ್ಟೇ, ಕಣ್ಣಿಗೆ ಕಾಣುವ ಬೆಳಕಿನದ್ದು ಮಾತ್ರ.

ಸಿಮೆಂಟ್, ಟಾರ್ ರಸ್ತೆ, ಹಾಸಿದ ಬಿಳಿ ಪಂಚೆ, ಎಲ್ಲಾ ಅಳೆಯಿರಿ.

ಈಗ ಉತ್ತರ ಧ್ರುವದ ಸುತ್ತಿನ ಆರ್ಕ್ಟಿಕ್ ಲೆಕ್ಕ. ಹೊಸ ಹಿಮ 0.8ರಿಂದ 0.9, ಸಮುದ್ರದ ಮೇಲಿನ ಬರೀ ಮಂಜುಗಡ್ಡೆ 0.5ರಿಂದ 0.7, ತೆರೆದ ಸಮುದ್ರ ಸುಮಾರು 0.06. ಅಂದರೆ ಮಂಜುಗಡ್ಡೆ ಕರಗಿದ ಕಡೆ ಕಪ್ಪು ನೀರು ಬಹುಪಾಲು ಬಿಸಿಲನ್ನು ಹೀರಿ ಬಿಸಿಯಾಗಿ ಪಕ್ಕದ ಮಂಜುಗಡ್ಡೆಯನ್ನೂ ಕರಗಿಸುತ್ತದೆ, ಅದರಿಂದ ಇನ್ನಷ್ಟು ನೀರು ತೆರೆದುಕೊಳ್ಳುತ್ತದೆ, ಚಕ್ರಬಡ್ಡಿ ಬೆಳೆದ ಹಾಗೆ. 2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮಂಜುಗಡ್ಡೆ ಉಪಗ್ರಹ ದಾಖಲೆಯಲ್ಲೇ ಅತಿ ಕಡಿಮೆಗೆ ಇಳಿದಿತ್ತು.

ಹಿಮಾಲಯದಲ್ಲಿ ಇನ್ನೊಂದು ತೊಂದರೆ: ಡೀಸೆಲ್, ಸೌದೆ ಹೊಗೆಯ ಮಸಿ ಹಿಮದ ಮೇಲೆ ಕೂರುತ್ತದೆ, ಆಗ ಹಿಮ ವಾಪಸ್ ಕಳಿಸುವ ಬಿಸಿಲು ಕಡಿಮೆಯಾಗುತ್ತದೆ. ಪಂಚೆ ಮೇಲೆ ಸ್ವಲ್ಪ ಇದ್ದಿಲ ಪುಡಿ ಉದುರಿಸಿ ಮತ್ತೆ ಅಳೆಯಿರಿ. ಹಳೇ ಪಂಚೆ ತಗೊಳ್ಳಿ, ಕಲೆ ಸುಲಭಕ್ಕೆ ಹೋಗಲ್ಲ.