ದೋಸೆ ಕಾವಲಿಯ ಮೇಲೆ ಎದ್ದು ನಿಂತ ಸ್ಕೋನ್

ಬಸವನಗುಡಿಯಲ್ಲಿರುವ ನಮ್ಮ ಅಡುಗೆಮನೆಯ ಕಿಟಕಿ ಪಶ್ಚಿಮಕ್ಕಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಕಟ್ಟೆಯ ಗ್ರಾನೈಟ್ ಕಲ್ಲು ಕೂಡ ಕೈಗೆ ಬೆಚ್ಚಗೆ ತಾಗುತ್ತದೆ. ಅಂಥ ಅಡುಗೆಮನೆಯಲ್ಲಿ, 30 ಲೀಟರಿನ ಸಾಧಾರಣ ಓಟಿಜಿ ಎಂಬ ಸಣ್ಣ ವಿದ್ಯುತ್ ಓವನ್ನಿನಲ್ಲಿ, ಮೊಟ್ಟೆ ಬಳಸದೆ, ಒಣದ್ರಾಕ್ಷಿ ಸ್ಕೋನ್ (ಇಂಗ್ಲೆಂಡಿನವರು ಚಹಾದ ಜೊತೆ ತಿನ್ನುವ, ಪದರುಪದರಾಗಿ ಉಬ್ಬುವ ಪುಟ್ಟ ಬನ್) ಎರಡು ಅಂಗುಲ ಎತ್ತರಕ್ಕೆ ಎದ್ದು ನಡುವೆ ತಾನಾಗಿಯೇ ಬಿರಿಯುವಂತೆ ಮಾಡಲು ನನಗೆ ಸುಮಾರು 14 ತಿಂಗಳು ಹಿಡಿಯಿತು. ಈಗ ಸತತವಾಗಿ ಒಂಬತ್ತು ಸಲ ಸರಿಯಾಗಿ ಬಂದಿದೆ. ಆಗುವುದಿಲ್ಲವೆಂದು ಹೇಳಿದವರು ಇಬ್ಬರು. ಒಬ್ಬರು ನನ್ನ ಅತ್ತಿಗೆ, ಇನ್ನೊಬ್ಬರು ನಮ್ಮ ಬೀದಿಯ ಕೊನೆಯಲ್ಲಿ ಮೂವತ್ತು ವರ್ಷಗಳಿಂದ ಬೇಕರಿ ನಡೆಸುತ್ತಿರುವ ಹಿರಿಯರು. ಇಬ್ಬರ ಮಾತಿನಲ್ಲೂ ಅನುಭವದ ತೂಕವಿತ್ತು. ಆದ್ದರಿಂದಲೇ ಅವರು ಹೇಳಿದ್ದು ಎಲ್ಲಿ ತಪ್ಪಿತು ಎಂಬುದನ್ನು ಬರೆದಿಡಬೇಕೆನಿಸಿತು.

ಮೊದಲ ಆರೇಳು ಪ್ರಯತ್ನಗಳಲ್ಲಿ ಸ್ಕೋನ್ ಮೇಲಕ್ಕೆ ಏಳುವ ಬದಲು ಅಗಲಕ್ಕೆ ಹರಡಿಕೊಂಡಿತು. ಅತ್ತಿಗೆ ಒಂದನ್ನು ಮುರಿದು ನೋಡಿ, "ಇದು ಬೆಣ್ಣೆ ಬಿಸ್ಕತ್ತು ಕಣೇ, ಚೆನ್ನಾಗಿದೆ, ಆದ್ರೆ ಸ್ಕೋನ್ ಅಲ್ಲ" ಎಂದರು. ಅವರ ಮಾತು ಅಕ್ಷರಶಃ ನಿಜವಾಗಿತ್ತು. ಬೆಣ್ಣೆ ಹಿಟ್ಟಿನ ನಡುವೆ ಸಣ್ಣ ಚೂರುಗಳಾಗಿ ಉಳಿದರೆ ಮಾತ್ರ ಓವನ್ನಿನೊಳಗೆ ಅದರ ನೀರಿನಂಶ ಆವಿಯಾಗಿ ಪದರುಗಳನ್ನು ಎತ್ತುತ್ತದೆ. ಬೆಣ್ಣೆ ಮೊದಲೇ ಕರಗಿ ಮೈದಾದೊಳಗೆ ಇಂಗಿಬಿಟ್ಟರೆ ದೊರೆಯುವುದು ನಾನ್‌ಖಟಾಯಿಯ ಪುಡಿಪುಡಿತನವೇ. ನಾನು ಬೆಣ್ಣೆಯನ್ನು ಫ್ರಿಜ್‌ನಿಂದ ನೇರವಾಗಿ ತೆಗೆದೇ ಬಳಸುತ್ತಿದ್ದೆ. ಆದರೂ ಬೆರಳಲ್ಲಿ ಉದುರಿಸುವಷ್ಟರಲ್ಲಿ ಅದು ಹಿಟ್ಟಿಗೆ ಜಿಡ್ಡಾಗಿ ಮೆತ್ತಿಕೊಳ್ಳುತ್ತಿತ್ತು. ತಪ್ಪು ಎಲ್ಲಿದೆಯೆಂದು ತಿಳಿಯಲು ಒಂದು ದಿನ ಡಬ್ಬಿಯಲ್ಲಿದ್ದ ಮೈದಾದೊಳಗೆ ಥರ್ಮಾಮೀಟರ್ ಚುಚ್ಚಿದೆ. ಅದು 31 ಡಿಗ್ರಿ ತೋರಿಸಿತು. ಬೆಣ್ಣೆ ಕರಗಲು 32ರಿಂದ 35 ಡಿಗ್ರಿ ಸಾಕು. ನಾನು ತಣ್ಣನೆಯ ಬೆಣ್ಣೆಯನ್ನು ಬಿಸಿ ಹಿಟ್ಟಿನೊಳಗೆ ಹಾಕಿ, ದೋಷವನ್ನೆಲ್ಲ ಬೆಣ್ಣೆಯ ಮೇಲೆ ಹೊರಿಸುತ್ತಿದ್ದೆ.

ಅಂದಿನಿಂದ ಅಳೆದ ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಮೂರನ್ನೂ ಜರಡಿ ಹಿಡಿದು, ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ, ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಡುತ್ತೇನೆ. ಬೆಣ್ಣೆಯ ಗಟ್ಟಿಯೂ ಅಲ್ಲೇ ಇರುತ್ತದೆ. ಮರುದಿನ ಬೆಣ್ಣೆಯನ್ನು ತುರಿಮಣೆಯ ದೊಡ್ಡ ಕಣ್ಣಿನಲ್ಲಿ, ಕ್ಯಾರೆಟ್ ತುರಿಯುವಂತೆ ತುರಿದು, ಪ್ರತಿ ಹತ್ತು ಹದಿನೈದು ಎಳೆತಕ್ಕೊಮ್ಮೆ ಹಿಟ್ಟು ಉದುರಿಸಿ ಬಿಡಿಸುತ್ತೇನೆ. ಕೈ ಹಾಕುವುದು ಕೊನೆಯ ಅರ್ಧ ನಿಮಿಷ ಮಾತ್ರ. ಹದ ಸರಿಯಿದ್ದರೆ ಹಿಟ್ಟು ಒಣಗಿದ ತೆಂಗಿನತುರಿ ಬೆರೆಸಿದ ರವೆಯಂತೆ ಕಾಣುತ್ತದೆ, ಹಿಡಿ ಬಿಗಿದು ಬಿಟ್ಟರೆ ಬೆರಳಿನ ಗುರುತು ಉಳಿಯುವುದಿಲ್ಲ.

ಬೇಕರಿಯ ಹಿರಿಯರು ತಕರಾರು ತೆಗೆದದ್ದು ಇಲ್ಲೇ. "ಅಮ್ಮಾ, ಐಸ್ ಥರ ಇರೋ ಹಿಟ್ಟನ್ನ ಓವನ್‌ಗೆ ಹಾಕಿದ್ರೆ ಮೇಲೆ ಸೀಯತ್ತೆ, ಒಳಗೆ ಹಸಿ ಉಳಿಯತ್ತೆ" ಎಂದರು. ಅವರ ಭಟ್ಟಿಗೆ ಅಂಥ ಹಿಟ್ಟಿನ ಅಗತ್ಯವೇ ಇಲ್ಲ. ಇಟ್ಟಿಗೆ ಗೋಡೆ ಗಂಟೆಗಟ್ಟಲೆ ಕಾವು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಓಟಿಜಿಯ ತಗಡಿಗೆ ಆ ಶಕ್ತಿಯಿಲ್ಲ. 500 ರೂಪಾಯಿ ಕೊಟ್ಟು ತಂದ ಓವನ್ ಥರ್ಮಾಮೀಟರನ್ನು ಒಳಗಿಟ್ಟು ನೋಡಿದರೆ, ಗುಂಡಿ 230ಕ್ಕೆ ತಿರುಗಿಸಿದ್ದರೂ ಒಳಗಿದ್ದದ್ದು 195 ಡಿಗ್ರಿ. ಬಾಗಿಲು ತೆರೆದು ತಟ್ಟೆ ಇಡುವಷ್ಟರಲ್ಲಿ ಅದು 150ಕ್ಕೆ ಇಳಿಯುತ್ತಿತ್ತು. ಅವರು ಹೇಳಿದಂತೆಯೇ ಮೂರು ಸಲ ಒಳಗೆ ಹಸಿ ಉಳಿಯಿತು. ಆ ಮೂರೂ ಸಲ ತಪ್ಪಿದ್ದದ್ದು ಓವನ್ನಿನಲ್ಲಿ, ತಣ್ಣನೆಯ ಹಿಟ್ಟಿನಲ್ಲಲ್ಲ ಎಂದು ನನಗೆ ಖಚಿತವಾಗಿತ್ತು.

ಪರಿಹಾರ ಮನೆಯಲ್ಲೇ ಇತ್ತು. ಅಮ್ಮನ ಕಾಲದ ಬೀಡುಕಬ್ಬಿಣದ ದೋಸೆ ಕಾವಲಿ ಮೂರೂವರೆ ಕೆಜಿ ತೂಗುತ್ತದೆ, ಹಿಡಿ ಇಲ್ಲ. ಅದನ್ನು ಕೆಳಗಿನ ಜಾಲರಿಯ ಮೇಲಿಟ್ಟು, ಎರಡೂ ರಾಡ್ ಉರಿಸಿ, 35 ನಿಮಿಷ ಕಾಯಿಸುತ್ತೇನೆ. ತೆಳು ತಟ್ಟೆಯಲ್ಲಿ ಬಿಲ್ಲೆಗಳನ್ನು ಜೋಡಿಸಿ ನೇರವಾಗಿ ಕಾವಲಿಯ ಮೇಲೆ ಇಟ್ಟರೆ ಬುಡದಿಂದ ಏರುವ ಕಾವಿಗೆ ಮೊದಲ ಐದು ನಿಮಿಷದಲ್ಲೇ ಸ್ಕೋನ್ ಮುಕ್ಕಾಲು ಪಾಲು ಎದ್ದುಬಿಡುತ್ತದೆ. ಒಟ್ಟು 15ರಿಂದ 16 ನಿಮಿಷ ಸಾಕು. ಬಾಗಿಲು ತೆರೆದರೂ ಕಾವು ಈಗ 20 ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ.

ಅಳತೆ ಹೆಚ್ಚುಕಡಿಮೆ ಹೀಗಿದೆ: 500 ಗ್ರಾಂ ಮೈದಾಕ್ಕೆ 125 ಗ್ರಾಂ ಉಪ್ಪಿಲ್ಲದ ಬೆಣ್ಣೆ, 75 ಗ್ರಾಂ ಸಕ್ಕರೆ, 120 ಗ್ರಾಂ ಒಣದ್ರಾಕ್ಷಿ, ಹಾಲು ಮತ್ತು ಹುಳಿ ಮೊಸರು ಕಡೆದು ಸೇರಿಸಿದ್ದು 250 ಮಿಲಿ. ಬೇಕಿಂಗ್ ಪೌಡರ್ 25 ಗ್ರಾಂ ಬೇಕೆನ್ನುವ ಅಳತೆಯನ್ನು ನಾನು 20ಕ್ಕೆ ಇಳಿಸಿದ್ದೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆ, ಅನಿಲ ಇಲ್ಲಿ ಹೆಚ್ಚು ಹಿಗ್ಗುತ್ತದೆ. 25 ಹಾಕಿದಾಗ ಸ್ಕೋನ್ ಎದ್ದು ಒಂದು ಬದಿಗೆ ವಾಲುತ್ತಿತ್ತು, ನಾಲಿಗೆಯ ತುದಿಯಲ್ಲಿ ಸೋಡಾದ ಒಗರೂ ಉಳಿಯುತ್ತಿತ್ತು. ಮೊಸರಿನ ಜೊತೆಗೆ ನಾನು ಇನ್ನೊಂದು ವಸ್ತುವನ್ನು ಒಂದು ಚಮಚದಷ್ಟು ಸೇರಿಸುತ್ತೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಾದುವ ಮಾತೇ ಇಲ್ಲ. ಚಪಾತಿ ಹಿಟ್ಟಿಗೆ ಒಗ್ಗಿದ ಕೈಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ. ಹಿಟ್ಟು ಒರಟಾಗಿ, ಅಲ್ಲಲ್ಲಿ ಒಣಗಿದಂತೆ ಕಾಣುವಾಗಲೇ ನಿಲ್ಲಿಸಿ, ತಟ್ಟಿ, ಮಡಿಸಿ, ಮತ್ತೆ ತಟ್ಟಿ, ಒಂದು ಅಂಗುಲ ದಪ್ಪ ಬಿಟ್ಟು ಕತ್ತರಿಸಬೇಕು. ಕಟರನ್ನು ತಿರುಗಿಸಿದರೆ ಅಂಚು ಮೆತ್ತಿಕೊಂಡು ಪದರು ಬಿಡಿಸಿಕೊಳ್ಳುವುದಿಲ್ಲ, ಆದ್ದರಿಂದ ನೇರವಾಗಿ ಒತ್ತಿ ನೇರವಾಗಿ ಎತ್ತುತ್ತೇನೆ. ಹಾಲಿನ ಕೆನೆ ಸವರುವಾಗಲೂ ಅಂಚಿನಿಂದ ಒಂದು ಹನಿ ಇಳಿಯದಂತೆ ನೋಡಿಕೊಳ್ಳುತ್ತೇನೆ. ಕತ್ತರಿಸಿದ ಬಿಲ್ಲೆಗಳು ಮತ್ತೆ 25 ನಿಮಿಷ ಫ್ರೀಜರಿಗೆ ಹೋಗುತ್ತವೆ.

ದ್ರಾಕ್ಷಿಯ ಕತೆ ಬೇರೆಯೇ ಇದೆ. ಒಣದ್ರಾಕ್ಷಿಯನ್ನು ಹಾಗೆಯೇ ಹಾಕಿದರೆ ಅದು ಸುತ್ತಲಿನ ಹಿಟ್ಟಿನ ತೇವ ಹೀರಿಕೊಳ್ಳುತ್ತದೆ, ಹೊರಗೆ ಇಣುಕಿದ್ದು ಓವನ್ನಿನಲ್ಲಿ ಕರಕಲಾಗಿ ಕಹಿಯಾಗುತ್ತದೆ. ನೀರಿನಲ್ಲಿ ನೆನೆಸಿದಾಗ ಹಿಟ್ಟು ಕಂದು ಬಣ್ಣಕ್ಕೆ ತಿರುಗಿ ರಾಡಿಯಾಯಿತು. ಬಿಸಿ ಚಹಾ ಡಿಕಾಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಬಟ್ಟೆಯ ಮೇಲೆ ಹರಡಿ ಎರಡು ಗಂಟೆ ಒಣಗಿಸಿ, ಆಮೇಲೆ ತಣ್ಣಗೆ ಮಾಡಿದ್ದು ಎಲ್ಲಕ್ಕಿಂತ ಒಳ್ಳೆಯ ಫಲ ಕೊಟ್ಟಿತು. ಬೀಜವಿಲ್ಲದ ಕಪ್ಪು ದ್ರಾಕ್ಷಿಯನ್ನು ನಾನು ರಸೆಲ್ ಮಾರುಕಟ್ಟೆಯಿಂದ ತರುತ್ತೇನೆ, ಕೆಜಿಗೆ 500 ರೂಪಾಯಿಯ ಆಸುಪಾಸು. ದ್ರಾಕ್ಷಿಯ ಬದಲು ಹಾಕಿ ನೋಡಿದ ಟೂಟಿ ಫ್ರೂಟಿಯ ಬಣ್ಣ ಹಿಟ್ಟಿಗೆ ಇಳಿದು ಕೇವಲ ಸಿಹಿ ಉಳಿಯಿತು. ಒಣಗಿಸಿದ ಹಲಸಿನ ತೊಳೆಯ ಪರಿಮಳ ಮನೆಯನ್ನೆಲ್ಲ ತುಂಬಿತು, ಆದರೆ ಎಷ್ಟು ನೆನೆಸಿದರೂ ಅದು ಹಲ್ಲಿಗೆ ಚರ್ಮದಂತೆ ಸಿಕ್ಕುತ್ತಿತ್ತು. ರಾಗಿ ಹಿಟ್ಟು ಕಾಲು ಭಾಗ ಸೇರಿಸಿದಾಗ ಸ್ಕೋನ್ ಕೈಯಲ್ಲೇ ಉದುರಿತು. ರಾಗಿಯಲ್ಲಿ ಹಿಟ್ಟನ್ನು ಹಿಡಿದಿಡುವ ಜಿಗುಟು ಇಲ್ಲ. ಹತ್ತರಲ್ಲಿ ಒಂದು ಭಾಗ ಹಾಕಿದ್ದು ಮಾತ್ರ ಹುರಿದ ಕಂಪಿನೊಂದಿಗೆ ನಿಂತಿತು, ಅದನ್ನು ಮತ್ತೆ ಮಾಡುವೆ.

ಜೊತೆಗೆ ಬಡಿಸುವ ಕೆನೆಗೂ ಒಂದು ದಾರಿ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ಸ್ಕೋನಿಗೆ ಹಚ್ಚುವ ಗಟ್ಟಿ ಕೆನೆಯಾದ ಕ್ಲಾಟೆಡ್ ಕ್ರೀಮಿನಲ್ಲಿ ಕೊಬ್ಬು ಕನಿಷ್ಠ ಶೇಕಡಾ 55 ಇರಬೇಕು. ಶೇಕಡಾ 6ರಷ್ಟು ಕೊಬ್ಬಿನ ಗಟ್ಟಿ ಹಾಲನ್ನು ಅಗಲವಾದ ಪಾತ್ರೆಯಲ್ಲಿ, ಅತಿ ಸಣ್ಣ ಉರಿಯಲ್ಲಿ ಕುದಿಯಗೊಡದೆ ಒಂದು ಗಂಟೆ ಇಟ್ಟು, ರಾತ್ರಿಯಿಡೀ ಅಲುಗಾಡಿಸದೆ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮಡಚಬಹುದಾದಷ್ಟು ದಪ್ಪನೆಯ ಕೆನೆ ಏಳುತ್ತದೆ. ಒಂದು ಲೀಟರಿಗೆ 70 ಗ್ರಾಂ ಸಿಕ್ಕರೆ ನನಗೆ ತೃಪ್ತಿ. ಜಾಮಿಗೆ ಸ್ಟ್ರಾಬೆರಿಯ ಬದಲು ನಮ್ಮದೇ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಿಪ್ಪೆಸಮೇತ ಬೇಯಿಸಿ, ಬೀಜ ಸೋಸಿ, ಕೆಜಿಗೆ 600 ಗ್ರಾಂ ಸಕ್ಕರೆ ಹಾಕಿ ಕುದಿಸುತ್ತೇನೆ. ಅದರ ಹುಳಿಗೂ ಗಾಢ ವಾಸನೆಗೂ ಈ ಕೆನೆ ಎಷ್ಟು ಒಪ್ಪುತ್ತದೆಂದರೆ, ಸ್ಟ್ರಾಬೆರಿ ಜಾಮ್ ಕೊಳ್ಳುವುದನ್ನೇ ನಿಲ್ಲಿಸಿದ್ದೇನೆ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದವರು ಕೆನೆ ಹಚ್ಚಿ ಅದರ ಮೇಲೆ ಜಾಮ್ ಇಡುತ್ತಾರೆ, ನೆರೆಯ ಕಾರ್ನ್‌ವಾಲಿನವರು ಜಾಮ್ ಮೊದಲು ಹಚ್ಚುತ್ತಾರೆ. ನಮ್ಮ ಮನೆಯ ಕೆನೆ ಸ್ವಲ್ಪ ತೆಳು, ಬಿಸಿ ಸ್ಕೋನಿಗೆ ಮೊದಲು ತಾಗಿದರೆ ಕರಗುತ್ತದೆ. ಆದ್ದರಿಂದ ನಾವು ಕಾರ್ನ್‌ವಾಲಿನ ಕಡೆಯವರು.

ಲೆಕ್ಕ ಹೇಳುವುದಾದರೆ, ಒಂದು ಸಲಕ್ಕೆ 14 ಸ್ಕೋನ್ ಬರುತ್ತವೆ. ಬೆಣ್ಣೆಗೆ 78, ದ್ರಾಕ್ಷಿಗೆ 60, ಮೈದಾಕ್ಕೆ 30, ಉಳಿದದ್ದು ಮತ್ತು ವಿದ್ಯುತ್ ಸೇರಿ 37. ಒಟ್ಟು 205 ರೂಪಾಯಿ, ಅಂದರೆ ಒಂದಕ್ಕೆ 15ಕ್ಕಿಂತ ಕಡಿಮೆ. ಕೆಫೆಯೊಂದರಲ್ಲಿ ಇದರ ಅರ್ಧ ಎತ್ತರದ್ದಕ್ಕೆ ನಾನು 160 ಕೊಟ್ಟಿದ್ದೇನೆ. ಕಲಿಯುವಾಗ ಕೆಟ್ಟ ಇಪ್ಪತ್ತೈದು ಸಲದ ಖರ್ಚು ಐದು ಸಾವಿರ ದಾಟಿತು, ಬೆಣ್ಣೆಯದೇ ಎರಡು ಸಾವಿರದ ಹತ್ತಿರ.

ಕಳೆದ ತಿಂಗಳು ಬೇಕರಿಯ ಹಿರಿಯರಿಗೆ ನಾಲ್ಕು ಕಳುಹಿಸಿದ್ದೆ. ಸಂಜೆ ಅವರೇ ಮನೆಗೆ ಬಂದು, ಒಂದನ್ನು ಚಾಕುವಿಲ್ಲದೆ ಬಿರುಕಿನ ಗುಂಟ ಎರಡು ಹೋಳು ಮಾಡಿ, ಒಳಗಿನ ಪದರನ್ನು ಬೆರಳಿನಿಂದ ಒತ್ತಿ ನೋಡಿದರು. ಅದು ಮೆಲ್ಲಗೆ ಮೇಲೆದ್ದು ಮೊದಲಿನಂತಾಯಿತು. "ಕಾವಲಿ ಎಷ್ಟು ದಪ್ಪ ಇದೆ ಅಮ್ಮಾ?" ಎಂದು ಕೇಳಿದರು. ತಂದು ತೋರಿಸಿದೆ. ಅತ್ತಿಗೆ ಈ ಶನಿವಾರ ನಾಲ್ಕೂವರೆಗೆ ಚಹಾಕ್ಕೆ ಬರುತ್ತಾರೆ. ಕತ್ತರಿಸಿದ ಎಂಟು ಬಿಲ್ಲೆಗಳು ಫ್ರೀಜರಿನಲ್ಲಿ ಸಿದ್ಧವಾಗಿವೆ. ರಾತ್ರಿಯಿಡೀ ಹೆಪ್ಪುಗಟ್ಟಿದ ಬಿಲ್ಲೆಗೆ ನಾಲ್ಕು ನಿಮಿಷ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ಕಾವಲಿಯನ್ನು ಮೂರೂವರೆಗೇ ಕಾಯಲು ಇಡುತ್ತೇನೆ.