ಚರ್ಚ್ ಪುಸ್ತಕಗಳಿಂದ ಏಳು ತಲೆಮಾರು: ನನ್ನ ಅನುಭವ

ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬಗಳ ವಂಶಾವಳಿ ನಾಲ್ಕು ತಲೆಮಾರು ದಾಟುವುದಿಲ್ಲ ಅನ್ನುವವರೇ ಹೆಚ್ಚು. ಏಳಕ್ಕೆ ಮುಟ್ಟಿಸಿದ್ದೇನೆ. ಮನೆತನದ ಹೆಸರು ಬಿಟ್ಟು ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಹೇಗೆ ಒಡೆಯಿತು ಎಂಬುದನ್ನು ಹಿಡಿದಿದ್ದಕ್ಕೇ ಕೆಲಸ ಆಯಿತು.

ಮೊದಲು ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ: ಊರು, ಈಗಿನ ಚರ್ಚು, ಅದರ ತಾಯಿ ಚರ್ಚು, ಬೇರೆಯಾದ ವರ್ಷ. ಚರ್ಚು ಹೊಸದಾದರೂ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ ದಾಖಲಿಸಿದ ಹಳೆಯ ಪುಸ್ತಕ ತಾಯಿ ಚರ್ಚಿನಲ್ಲೇ ಉಳಿಯುತ್ತದೆ. ಇದು ಗೊತ್ತಿಲ್ಲದವರು ಹೊಸ ಚರ್ಚಿನ ಕಪಾಟು ತಡಕಿ ವಾಪಸ್ಸಾಗುತ್ತಾರೆ. ಅದರ ಮೇಲೆ ಆಡಳಿತದ ಗೆರೆಗಳು: 1853ರಲ್ಲಿ ಮಂಗಳೂರು ವಿಕಾರಿಯೇಟ್ (ಧರ್ಮಪ್ರಾಂತ್ಯಕ್ಕೆ ಮೊದಲಿನ ಹಂತ), 1878ರ ಕೊನೆಗೆ ಅದನ್ನು ನಡೆಸಲು ಜೆಸುಯಿಟ್ ಪಾದ್ರಿಗಳು, 1886ರಲ್ಲಿ ಧರ್ಮಪ್ರಾಂತ್ಯ, 1923ರಲ್ಲಿ ಕಲ್ಲಿಕೋಟೆ ಬೇರೆ, 2012ರಲ್ಲಿ ಉಡುಪಿ ಬೇರೆ. ಕಾರ್ಕಳದ ಮನೆತನಕ್ಕೆ ಈಗ ಕೊಡಿಯಾಲ್‌ಬೈಲಿನ (ಮಂಗಳೂರು ಬಿಷಪರ ಕಚೇರಿ) ಅನುಮತಿ ಪತ್ರ ನಡೆಯದು, ಉಡುಪಿಯದೇ ಬೇಕು. ಕಾಸರಗೋಡಿನ ಬೇಳ ಕೇರಳದಲ್ಲಿದ್ದರೂ ಮಂಗಳೂರಿಗೇ ಸೇರಿದ್ದು. ಬೆಳ್ತಂಗಡಿಯಲ್ಲಿ ಎಚ್ಚರ: 1999ರ ಬೆಳ್ತಂಗಡಿ ಧರ್ಮಪ್ರಾಂತ್ಯ ಸಿರೊ-ಮಲಬಾರ್‌ನವರದು, ಅಂದರೆ ಕೇರಳ ಮೂಲದ ಬೇರೆ ವಿಧಿಯ ಕ್ಯಾಥೊಲಿಕರದು. ನಮ್ಮ ಕೊಂಕಣಿ ಮನೆತನಗಳು ಅಲ್ಲಿ ಸಿಗುವುದಿಲ್ಲ.

ಹುಡುಕಾಟ ಮದುವೆಯಿಂದ ಶುರು. 1908ರ ನಂತರ ಮದುವೆಯ ವಿವರವನ್ನು ದೀಕ್ಷಾಸ್ನಾನದ ಪುಸ್ತಕದ ಅಂಚಿನಲ್ಲೂ ಬರೆಯಬೇಕೆಂಬ ನಿಯಮ ಬಂತು. ಆ ಅಂಚು ಬರಹವೇ ಬೇರೆ ಚರ್ಚಿಗೆ ದಾರಿ ತೋರಿಸುತ್ತದೆ. ಅದಕ್ಕೆ ಹಿಂದಿನದಕ್ಕೆ ಪದ್ರಿನ್, ಮಾದ್ರಿನ್ (ದೀಕ್ಷಾಸ್ನಾನದ ಧರ್ಮಪಿತ, ಧರ್ಮಮಾತೆ) ಹೆಸರುಗಳೇ ಗತಿ. ಮೊದಲ ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಒಂದೇ ಊರಿನಲ್ಲಿ ಮೂರು ಜುವಾಂವ್ ಸಿಗುತ್ತಾರೆ, ಲ್ಯಾಟಿನ್‌ನಲ್ಲಿ ಬರೆದ ಪುಸ್ತಕದಲ್ಲಿ ಮೂವರೂ ಯೊವಾನ್ನೆಸ್. ಬಾಸ್ತ್ಯಾಂವ್ ಅಲ್ಲಿ ಸೆಬಾಸ್ಟಿಯಾನುಸ್, ಇನಾಸ್ ಇಗ್ನಾಸಿಯುಸ್. ಮೂವರು ಜುವಾಂವ್‌ರನ್ನು ಬಿಡಿಸುವ ನನ್ನ ಪಟ್ಟಿ ಇದೆ, ಅದನ್ನು ಸದ್ಯಕ್ಕೆ ಕೊಡುವುದಿಲ್ಲ.

ತಾರೀಖಿನಲ್ಲಿ ಎಲ್ಲರೂ ಮುಗ್ಗರಿಸುವುದು ‘7ಬ್ರಿಸ್’ನಲ್ಲಿ. ಲ್ಯಾಟಿನ್‌ನಲ್ಲಿ ಸೆಪ್ತೆಂ ಎಂದರೆ ಏಳು, ಹಾಗಾಗಿ ಅದು ಜುಲೈ ಅಲ್ಲ, ಸೆಪ್ಟೆಂಬರ್. 8, 9 ಕೂಡ ಹಾಗೆಯೇ ಅಕ್ಟೋಬರ್, ನವೆಂಬರ್.

ದುಡ್ಡಿನ ಮಾತು. ಲ್ಯಾಟಿನ್ ಓದಿಸಲು ಕೊಟ್ಟ ಸುಮಾರು ಹದಿನೈದು ಸಾವಿರ ದಂಡ, ಏಕೆಂದರೆ ಪ್ರತಿ ದಾಖಲೆಯಲ್ಲೂ ಮರುಕಳಿಸುವ ಸೂತ್ರದ ವಾಕ್ಯ ಒಂದೇ, ವಾರದಲ್ಲಿ ತಾನಾಗಿ ಓದಲು ಬರುತ್ತದೆ. ಡಿಎನ್‌ಎ ಕಿಟ್ಟು ನೀರಿನಲ್ಲಿ ಮಾಡಿದ ಹೋಮ. ನಿಜವಾಗಿ ಕೆಲಸಕ್ಕೆ ಬಂದದ್ದು ಇನ್ನೂರು ಚಿಲ್ಲರೆಯ ಯುವಿ (ನೇರಳಾತೀತ ಬೆಳಕಿನ) ಟಾರ್ಚ್. ಮಾಸಿದ ಕಂದು ಶಾಯಿ ಅದರ ಬೆಳಕಿನಲ್ಲಿ ಕಪ್ಪಾಗಿ ಏಳುತ್ತದೆ. ಕಾಗದಕ್ಕೆ ಒಳ್ಳೆಯದಲ್ಲ, ಸಾಲು ಓದಿದ ತಕ್ಷಣ ಆರಿಸಬೇಕು. ವಿಗಾರರು (ಚರ್ಚಿನ ಪ್ರಧಾನ ಗುರು) ಫೋಟೊಗೆ ಒಪ್ಪಿದರೆ ಟಾರ್ಚೂ ಬೇಡ: ಫೋಟೊದಲ್ಲಿ ನೀಲಿ ಚಾನೆಲ್ (ಬಣ್ಣದ ಪದರ) ಮಾತ್ರ ಉಳಿಸಿಕೊಳ್ಳಿ. ಕೆಂಪು ಚಾನೆಲ್ ಇಟ್ಟು ನೋಡಿದೆ, ಅಕ್ಷರವೇ ಮಾಯ.

ಹತ್ತೊಂಬತ್ತನೆಯ ಶತಮಾನದ ನಡುವೆ ಕುಟುಂಬ ಹಠಾತ್ತಾಗಿ ಕಾಣೆಯಾದರೆ ವಲಸೆ ಎಂದು ಬಿಟ್ಟುಬಿಡಬೇಡಿ. ಆಗ ಗೋವಾ ಆರ್ಚ್‌ಬಿಷಪರ ಕಡೆಯವರು, ಕೇರಳದ ವರಾಪುಳ ವಿಕಾರಿಯೇಟ್ ಕಡೆಯವರು ಎಂದು ಜನ ಎರಡಾಗಿದ್ದರು. ಪಕ್ಕದ ಪಂಗಡದ ಪುಸ್ತಕ ಕೇಳಿ. 1784ರಲ್ಲಿ ಟಿಪ್ಪು ಮಂಗಳೂರು ಕಡೆಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಚರ್ಚುಗಳು ಬಹುಪಾಲು ನೆಲಸಮವಾದವು, ಬಿಡುಗಡೆಯಾದದ್ದು 1799ರಲ್ಲಿ. ಹಾಗಾಗಿ 1784ಕ್ಕೂ ಹಿಂದಿನ ವಂಶವೃಕ್ಷವನ್ನು ಯಾರಾದರೂ ಬಿಡಿಸಿ ತೋರಿಸಿದರೆ, ಯಾವ ಪುಸ್ತಕ, ಯಾವ ಪುಟ ಎಂದು ಮೊದಲು ಕೇಳಿ.