ಕಾಂಪ್ಯಾಕ್ಟ್ ಏರ್ ಪಿಸ್ತೂಲಿಗೆ ಬದಲಿ ಗ್ರಿಪ್ ಆರಿಸುವುದು ಹೇಗೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದ ಮೇಲೆ ನಮ್ಮ ರೇಂಜಿಗೆ ಹನ್ನೆರಡು, ಹದಿಮೂರು ವರ್ಷದ ಮಕ್ಕಳನ್ನು ಕರೆತರುವ ಪೋಷಕರು ಹೆಚ್ಚಾಗಿದ್ದಾರೆ. ಮಗುವಿನ ಕೈ ಚಿಕ್ಕದೆಂದು ಇವರಲ್ಲಿ ಅನೇಕರು ಕಾಂಪ್ಯಾಕ್ಟ್ ಮಾದರಿಯ ಪಿಸ್ತೂಲನ್ನು ತರಿಸುತ್ತಾರೆ. ಆರು ತಿಂಗಳು ಕಳೆಯುವುದರೊಳಗೆ ಹಿಡಿತ ಸರಿಯಾಗುತ್ತಿಲ್ಲವೆಂದು ಬದಲಿ ಗ್ರಿಪ್, ಅಂದರೆ ಪಿಸ್ತೂಲಿನ ಹಿಡಿ, ಹುಡುಕಲು ತೊಡಗುತ್ತಾರೆ. ಕಾಂಪ್ಯಾಕ್ಟ್ ಎಂದರೆ ಸಾಮಾನ್ಯವಾಗಿ ನಳಿಗೆ ಮತ್ತು ಗಾಳಿಯ ಸಿಲಿಂಡರ್ ಗಿಡ್ಡವಾಗಿದ್ದು, ಪಿಸ್ತೂಲಿನ ಮುಂಭಾರ ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಕೈಯ ಅಳತೆಗೂ ಆ ಪದಕ್ಕೂ ಸಂಬಂಧವಿಲ್ಲ.

ನಳಿಗೆ ಗಿಡ್ಡವಾದಷ್ಟೂ ಗ್ರಿಪ್‌ನ ದೋಷ ಗುರಿಹಲಗೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಗುರಿ ನೋಡಲು ನಳಿಗೆಯ ಮೇಲಿರುವ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವೆ 30 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಸುಮಾರು 33 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಹತ್ತು ಅಂಕ ಸಿಗುವ ನಡುವಿನ ವೃತ್ತದ ವ್ಯಾಸವೇ 11.5 ಮಿ.ಮೀ.; ಅಲ್ಲಿಂದ ಹೊರಕ್ಕೆ ಒಂದೊಂದೇ ಅಂಕ ಇಳಿಯುವ ಪ್ರತಿ ವಲಯವೂ 8 ಮಿ.ಮೀ. ಅಗಲ. ಹೀಗಾಗಿ ಹತ್ತು ಬೀಳಬೇಕಾದ ಕಡೆ ಆರು ಬೀಳುತ್ತದೆ.

ಮೊದಲ ಹಂತದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ: ಪಿಸ್ತೂಲು ಖಾಲಿಯಿದೆಯೇ ಎಂದು ನೋಡಿ, ಸಿಲಿಂಡರ್ ಬಿಚ್ಚಿಟ್ಟು, ನಳಿಗೆಗೆ ಸೇಫ್ಟಿ ಫ್ಲ್ಯಾಗ್ (ನಳಿಗೆ ಖಾಲಿಯೆಂದು ತೋರಿಸುವ ಬಣ್ಣದ ದಾರ) ತೂರಿಸಿ.

ಎರಡನೆಯದು ಅಳತೆ. ಬಿಳಿ ಹಾಳೆಯ ಮೇಲೆ ಗುಂಡು ಹಾರಿಸುವ ಕೈಯನ್ನಿಟ್ಟು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಿರಿ. ಬಳಿಕ ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗಿನ ಉದ್ದವನ್ನೂ ಅಂಗೈಯ ಅಗಲವನ್ನೂ ಬರೆದುಕೊಳ್ಳಿ. ತಯಾರಕರ ಪಟ್ಟಿಯಲ್ಲಿ ಎಸ್, ಎಂ, ಎಲ್ ಎಂದು ನಮೂದಿಸಿರುವುದು ಈ ಅಳತೆಗಳ ಆಧಾರದ ಮೇಲೆ. ಒಬ್ಬ ತಯಾರಕರ ಎಂ ಇನ್ನೊಬ್ಬರ ಎಸ್‌ಗೆ ಸಮನಾಗಿರಬಹುದಾದ್ದರಿಂದ ಪಟ್ಟಿ ನೋಡದೆ ಅಕ್ಷರ ನಂಬಬೇಡಿ. ಎಡಗೈಯವರು ಎಡಗೈ ಗ್ರಿಪ್ ಎಂದು ಸ್ಪಷ್ಟವಾಗಿ ಬರೆದು ಕೇಳಬೇಕು.

ಕೈ ಎರಡು ಅಳತೆಗಳ ನಡುವೆ ಬಂದರೆ ಚಿಕ್ಕದನ್ನೇ ಕೊಳ್ಳಿ. ಇದಕ್ಕೆ ಒಪ್ಪದ ತರಬೇತುದಾರರಿದ್ದಾರೆ; ದೊಡ್ಡದನ್ನು ತಂದು ಅರದಿಂದ ಉಜ್ಜಿ ಇಳಿಸಬಹುದೆಂಬುದು ಅವರ ವಾದ. ಆದರೆ ಗ್ರಿಪ್‌ನ ಹಿಂಬದಿ ದಪ್ಪವಾದಷ್ಟೂ ಟ್ರಿಗರ್ ದೂರವಾಗುತ್ತದೆ, ಮತ್ತು ಒಳಗೆ ಚೌಕಟ್ಟಿನ ಲೋಹವಿರುವುದರಿಂದ ಅಲ್ಲಿ ಉಜ್ಜಿ ತೆಗೆಯಬಹುದಾದ ಮರ ಸ್ವಲ್ಪವೇ. ಚಿಕ್ಕ ಗ್ರಿಪ್‌ನ ಟೊಳ್ಳು ತುಂಬಲು ಹಚ್ಚಿದ ಪುಟ್ಟಿಯನ್ನು ಯಾವಾಗ ಬೇಕಾದರೂ ಕೆರೆದು ತೆಗೆಯಬಹುದು, ಉಜ್ಜಿ ಹೋದ ಮರ ಮರಳಿ ಬಾರದು. ಬೆಳೆಯುವ ಮಗುವೆಂದು ಒಂದಳತೆ ದೊಡ್ಡ ಯೂನಿಫಾರಂ ಹೊಲಿಸುವ ಹಾಗೆ ಒಂದಳತೆ ದೊಡ್ಡ ಗ್ರಿಪ್ ತರುವ ತಂದೆಯರನ್ನು ಕಂಡಾಗಲೆಲ್ಲ ನನಗೆ ಮಗುವಿನ ತೋರುಬೆರಳಿನ ಮೇಲೆ ಮರುಕ ಹುಟ್ಟುತ್ತದೆ.

ಯಾಕೆಂದರೆ ಗ್ರಿಪ್‌ನ ಅಳತೆಯನ್ನು ಕೊನೆಗೂ ನಿರ್ಧರಿಸುವುದು ಆ ಬೆರಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಗ್ರಿಪ್‌ನ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗಬಹುದೋ ಅಷ್ಟು ಮೇಲೆ ಕೂತಾಗ, ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಬರಬೇಕು, ಮತ್ತು ಬೆರಳಿನ ಉಳಿದ ಭಾಗ ಮರಕ್ಕೆ ಎಲ್ಲಿಯೂ ತಾಗಬಾರದು. ನಾನು ಆ ಸಂದಿಯಲ್ಲಿ ಪೆನ್ಸಿಲ್ ತೂರಿಸಿ ನೋಡುತ್ತೇನೆ. ಸಿಕ್ಕಿಕೊಂಡರೆ ಅಲ್ಲಿ ಉಜ್ಜಲೇಬೇಕು. ಟ್ರಿಗರನ್ನು ಹಿಂದೆ ಮುಂದೆ ಸರಿಸುವ ತಿರುಪು ಇದ್ದೇ ಇರುತ್ತದೆ, ಆದರೆ ಅದನ್ನು ಮುಟ್ಟುವುದು ಗ್ರಿಪ್ ಕೂತ ಮೇಲೆ.

ವಸ್ತುವಿನ ವಿಷಯದಲ್ಲಿ ನನ್ನ ಮತ ವಾಲ್‌ನಟ್ ಮರಕ್ಕೇ. ಈಚೆಗೆ ಅಗ್ಗಕ್ಕೆ ಸಿಗುವ ತ್ರೀಡಿ ಪ್ರಿಂಟ್ ಗ್ರಿಪ್‌ಗಳಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನದು ಬೇಸಿಗೆಯ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮೆತ್ತಗಾಗಿ ಆಕಾರ ಕೆಡುತ್ತದೆ. ಟೆನಿಸ್ ರ‍್ಯಾಕೆಟ್ಟಿನ ಟೇಪು ಸುತ್ತುವುದು ಮತ್ತು ರಬ್ಬರ್ ಕವಚ ತೊಡಿಸುವುದು ಇನ್ನೂ ಕೆಟ್ಟ ಉಪಾಯಗಳು. ರಬ್ಬರ್ ಅದುಮಿದಂತೆಲ್ಲ ತಗ್ಗುವುದರಿಂದ ಪಂದ್ಯದ ಅರುವತ್ತು ಗುಂಡುಗಳಲ್ಲಿ ಅರುವತ್ತು ಬಗೆಯ ಹಿಡಿತವಾಗುತ್ತದೆ.

ಹೆಚ್ಚಿನವರು ಎಡವುವುದು ಕೋನ ಹೊಂದಿಸುವಲ್ಲಿ. ಗೋಡೆಯ ಮೇಲೆ ಗುರಿಹಲಗೆಯ ಚಿತ್ರವಿರಬಾರದು, ಬರೀ ಬಿಳಿ ಗೋಡೆ ಇರಬೇಕು. ಪಂದ್ಯದಲ್ಲಿ ನಿಲ್ಲುವಂತೆಯೇ ನಿಂತು, ಗ್ರಿಪ್ ಹಿಡಿದು, ಕಣ್ಣು ಮುಚ್ಚಿ ಕೈ ಎತ್ತಿ. ಎರಡು ಉಸಿರು ಕಳೆದು, ಮಣಿಕಟ್ಟನ್ನು ಸರಿಪಡಿಸದೆ ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ, ಮೇಲಂಚುಗಳು ಒಂದೇ ಗೆರೆಯಲ್ಲಿ ಕಾಣಬೇಕು. ಸೈಟ್‌ಗಳು ಸರಿಯಾಗಿದ್ದು ಇಡೀ ಪಿಸ್ತೂಲು ಗೋಡೆಯ ಬೇರೆ ಕಡೆಗೆ ನೋಡುತ್ತಿದ್ದರೆ ದೋಷ ಪಾದಗಳದು, ಗ್ರಿಪ್‌ನದಲ್ಲ. ಈ ವ್ಯತ್ಯಾಸ ತಿಳಿಯದೆ, ನಿಲುವಿನ ತಪ್ಪಿಗೆ ಚೆನ್ನಾಗಿದ್ದ ಗ್ರಿಪ್ಪನ್ನು ಅರದಿಂದ ಕೆತ್ತಿ ಹಾಳುಮಾಡಿದವರನ್ನು ನಾನು ಒಂದು ಕೈಬೆರಳೆಣಿಕೆಗಿಂತ ಹೆಚ್ಚು ಕಂಡಿದ್ದೇನೆ.

ಹೀಗೆ ಹತ್ತು ಸಲ ಮಾಡಿ, ಪ್ರತಿ ಸಲವೂ ಮುಂದಿನ ಸೈಟ್ ಕಂಡ ಜಾಗವನ್ನು ಹಾಳೆಯಲ್ಲಿ ಚುಕ್ಕಿಯಾಗಿ ಗುರುತಿಸಿ. ಚುಕ್ಕಿಗಳು ದಿಕ್ಕಾಪಾಲಾಗಿದ್ದರೆ ಗ್ರಿಪ್ ಸಡಿಲವಿದೆ, ಇಲ್ಲವೇ ಹಿಡಿಯುವ ಕ್ರಮ ಇನ್ನೂ ರೂಢಿಯಾಗಿಲ್ಲ. ಒಂದೇ ಕಡೆ ಗುಂಪಾಗಿದ್ದರೆ ಕೋನ ಬದಲಿಸಿ. ಮುಂದಿನ ಸೈಟ್ ಮೇಲೆದ್ದು ಕಂಡರೆ ಗ್ರಿಪ್ ಬುಡದ ತಿರುಪು ಸಡಿಲಿಸಿ ನಳಿಗೆಯ ತುದಿಯನ್ನು ಕೈಗೆ ಹೋಲಿಸಿ ಕೆಳಕ್ಕೆ ಬಾಗಿಸಿ. ಕೆಳಗೆ ಕಂಡರೆ ಮೇಲಕ್ಕೆ. ಬಲಗೈಯವರಿಗೆ ಸೈಟ್ ಬಲಕ್ಕೆ ಸರಿದು ಕಂಡರೆ ಗ್ರಿಪ್ಪನ್ನು ಅಡ್ಡಡ್ಡಲಾಗಿ ತಿರುಗಿಸಿ ನಳಿಗೆಯನ್ನು ಎಡಕ್ಕೆ ತರಬೇಕು. ತಿರುಪಿನಲ್ಲಿ ಅಷ್ಟು ಅವಕಾಶವಿಲ್ಲದಿದ್ದರೆ ಮಾತ್ರ ಅಂಗೈಯ ಬುಡ ಒತ್ತುವ ಬಲ ಹಿಂಬದಿಯ ಮರವನ್ನು ತುಸು ಉಜ್ಜಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಹತ್ತು ಚುಕ್ಕಿ ಇಡಿ. ಹಿಂದಿನ ಸೈಟಿನ ತಿರುಪು ತಿರುಗಿಸಿ ಇದನ್ನು ಸರಿಪಡಿಸಬಹುದೆಂದು ಹೇಳುವವರ ಮಾತು ಕೇಳಬೇಡಿ. ಅದರಿಂದ ಪೆಲೆಟ್ ಬೀಳುವ ಜಾಗ ಬದಲಾಗುತ್ತದೆಯೇ ಹೊರತು ಮಣಿಕಟ್ಟಿನ ತಿರುಚು ಹೋಗುವುದಿಲ್ಲ.

ಕೋನ ಕೂತ ಮೇಲೆ ಟೊಳ್ಳು ತುಂಬುವ ಕೆಲಸ. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, ಗ್ರಿಪ್ಪನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಿ. ಕಂದು ಮರದ ಮೇಲೆ ಬಿಳಿ ಹತ್ತದೆ ಉಳಿದ ಜಾಗವೇ ಟೊಳ್ಳು. ಅಂಗೈಯ ಗುಳಿಯಲ್ಲಿ ಅದು ಹೆಚ್ಚಾಗಿ ಹುಣಸೆಬೀಜದಿಂದ ಹಿಡಿದು ಹಳೆಯ ರೂಪಾಯಿ ನಾಣ್ಯದವರೆಗಿನ ಅಗಲಕ್ಕಿರುತ್ತದೆ. ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು, ಪುಡಿ ಒರೆಸಿ, ಆ ಜಾಗವನ್ನು ಒರಟು ಸ್ಯಾಂಡ್‌ಪೇಪರಿನಿಂದ ತಿಕ್ಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ ಸಾಕು. ಕೈಗವಸು ತೊಟ್ಟು ಕಲಸಿ, ತೆಳುವಾಗಿ ಹಚ್ಚಿ, ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಹೊದಿಸಿ, ಗುರಿ ಇಡುವ ಭಂಗಿಯಲ್ಲಿ ಎರಡು ನಿಮಿಷ ಹಿಡಿದು ಬಿಟ್ಟು, ಒಂದು ದಿನ ಒಣಗಲು ಬಿಡಿ. ಬಡಗಿಯ ಮರದ ಪುಟ್ಟಿ ಬೇಡ, ಅದು ಬೆವರಿಗೆ ಪುಡಿಪುಡಿಯಾಗಿ ಉದುರುತ್ತದೆ. ಉಜ್ಜುವಾಗ ಗ್ರಿಪ್ಪನ್ನು ಪಿಸ್ತೂಲಿನಿಂದ ಬಿಚ್ಚಿಕೊಂಡೇ ಉಜ್ಜಬೇಕು, ಮರದ ಧೂಳು ಟ್ರಿಗರಿನೊಳಗೆ ಹೋಗಬಾರದು. ಮೂಗಿಗೆ ಮಾಸ್ಕ್ ಇರಲಿ. ಕೊನೆಗೆ ವಾರ್ನಿಷ್ ಹೊಡೆಯುವ ಆಸೆಯನ್ನು ಬಿಟ್ಟುಬಿಡಿ, ಬೆವರಿದ ಕೈಗೆ ಅದು ಜಾರುತ್ತದೆ.

ಅಂಗೈಯ ಬುಡ ಕೂರುವ ಕೆಳಗಿನ ಹಲಗೆ, ಅಂದರೆ ಪಾಮ್ ಶೆಲ್ಫ್, ಹೊಂದಿಸುವುದು ಎಲ್ಲಕ್ಕಿಂತ ಕೊನೆಗೆ, ಅದೂ ಅಭ್ಯಾಸ ಮುಗಿದ ಮೇಲೆ. ನಲವತ್ತು, ಐವತ್ತು ಗುಂಡುಗಳ ಬಳಿಕ ಕೈ ಬಿಸಿಯಾಗಿ ತುಸು ಊದಿರುತ್ತದೆ. ಬೆಳಗಿನ ತಣ್ಣನೆಯ ಕೈಗೆ ಬಿಗಿದ ಹಲಗೆ ಆಗ ಇಕ್ಕಳವಾಗುತ್ತದೆ. ಹಲಗೆಗೂ ಕೈಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಜಾರುವಷ್ಟು ಸಂದಿ ಇರಲಿ.

ಪಂದ್ಯಕ್ಕೆ ಹೋಗುವವರು ನಿಯಮವನ್ನೂ ನೋಡಬೇಕು. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದ ಪ್ರಕಾರ ಮಣಿಕಟ್ಟು ಮುಕ್ತವಾಗಿ ಕಾಣಬೇಕು, ಗ್ರಿಪ್ ಕೈಯನ್ನು ಸುತ್ತುವರಿಯಬಾರದು, ಹಲಗೆ ಗ್ರಿಪ್‌ಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿರಬಾರದು, ಅದರ ಅಂಚು ಮೇಲಕ್ಕೆ ಬಾಗಿರಬಾರದು. ಹಲಗೆಯ ಅಂಚಿಗೆ ಪುಟ್ಟಿ ಮೆತ್ತಿ ದೋಣಿಯಂತೆ ಮಾಡಿಕೊಂಡು ಬಂದವರು ಸಲಕರಣೆ ಪರೀಕ್ಷೆಯ ಮೇಜಿನಿಂದಲೇ ಹಿಂದಿರುಗುತ್ತಾರೆ. ಗ್ರಿಪ್ ಸಮೇತ ಇಡೀ ಪಿಸ್ತೂಲು 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು, ತೂಕ 1,500 ಗ್ರಾಂ ಮೀರಬಾರದು. ಕಾಂಪ್ಯಾಕ್ಟ್ ಪಿಸ್ತೂಲಿಗೆ ಉದ್ದ ಮತ್ತು ತೂಕದ ತೊಂದರೆ ಬರುವುದಿಲ್ಲ. ಬರುವುದು ಆ 50 ಮಿ.ಮೀ. ಅಗಲದಲ್ಲಿ. ಪುಟ್ಟಿ ಒಣಗಿದ ಮೇಲೆ ರಟ್ಟಿನಿಂದ ಅದೇ ಅಳತೆಯ ಪೆಟ್ಟಿಗೆ ಮಾಡಿ, ಪಿಸ್ತೂಲನ್ನು ಮಲಗಿಸಿ ಮುಚ್ಚಳ ಹಾಕಿ ನೋಡಿ. ಮುಚ್ಚಳ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ಇನ್ನೊಮ್ಮೆ ಅರ ಆಡಿಸಿ.